ಅವ್ವನನ್ನು ಕರೆದುಕೊಂಡು ಮುಳ್ಳಯ್ಯನಗಿರಿಗೆ: ಕಲಬುರಗಿಯಿಂದ ಹೋಗಿ ಬಂದವರು ಸ್ವಲ್ಪ ಹೇಳ್ರಿ

ತೊಗರಿ ಹೊಲ (ಕಲಬುರಗಿ)

ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ಐದಾರು ದಿನ ಎಲ್ಲಾದರೂ ಹೋಗೋಣ ಅಂತ ಮನೆಯಲ್ಲಿ ಮಾತಾಗಿದೆ. ದೊಡ್ಡ ಮಗ ಆರನೇ ಕ್ಲಾಸು. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಅಂತ ಎಲ್ಲೋ ಓದಿದ್ದಾನೆ, ಅಲ್ಲಿಗೇ ಹೋಗಬೇಕು ಅಂತ ಹಠ. ಹುಟ್ಟಿದಾಗಿನಿಂದ ಅವನು ಹತ್ತಿದ ದೊಡ್ಡ ಏರು ಅಂದರೆ ನಮ್ಮ ರೈಲ್ವೆ ಬ್ರಿಜ್ಜು. ನಗಬೇಡಿ, ನನ್ನದೂ ಅಷ್ಟೇ.

ತಲೆನೋವು ಏನಂದರೆ ಅವ್ವ. 66 ವರ್ಷ, ಮೊಣಕಾಲು ನೋವು. ಅಪ್ಪ ಹೋದ ಮೇಲೆ ಗಾಣಗಾಪುರ ಬಿಟ್ಟರೆ ಆಕೆ ಎಲ್ಲಿಗೂ ಹೋಗಿಲ್ಲ, ಮನೆಯಲ್ಲಿ ಬಿಟ್ಟು ಹೋಗೋಕೆ ಮನಸ್ಸು ಬರ್ತಿಲ್ಲ. ಆರು ವರ್ಷದ ಮಗಳೂ ಇದ್ದಾಳೆ, ಅವಳಿಗೆ ಬಸ್ಸಿನಲ್ಲಿ ಕೂತರೆ ವಾಂತಿ. ನನ್ನ ಹತ್ತಿರ ಒಂದು ಹಳೇ ಸಣ್ಣ ಕಾರಿದೆ, ಘಾಟಿನಲ್ಲಿ ಒಮ್ಮೆಯೂ ಓಡಿಸಿಲ್ಲ. ಕಾರಿನಲ್ಲಿ ಹೋಗಲಾ, ರೈಲಾ? ಮೇಲೆ ಎಷ್ಟು ಹತ್ತಬೇಕು? ಸುತ್ತಮುತ್ತ ಮತ್ತೇನು ನೋಡಬಹುದು? ಹೋಗಿ ಬಂದವರು ಹೇಳಿ.

ಚಿಂಚೋಳಿ ಕಾಡು

ಅಷ್ಟು ದೂರ ಯಾಕೆ ಅಣ್ಣಾ? ದಸರಾ ಹೊತ್ತಿಗೆ ನಮ್ಮ ಚಿಂಚೋಳಿ ಹಸಿರಾಗಿರುತ್ತದೆ. ಚಂದ್ರಂಪಳ್ಳಿ ಡ್ಯಾಂ, ಗೊಟ್ಟಂಗೊಟ್ಟ, ವನ್ಯಧಾಮ ಎಲ್ಲ ಒಂದೇ ದಿನದಲ್ಲಿ ಆಗುತ್ತದೆ. ಬುತ್ತಿ ಕಟ್ಟಿಕೊಂಡು ಹೋದರೆ ರಾತ್ರಿ ಊಟಕ್ಕೆ ಮನೆ. ಬೆಟ್ಟವೇ ಬೇಕು ಅಂದರೆ ಶಹಾಪುರದಲ್ಲಿ ಮಲಗಿದ ಬುದ್ಧನ ಬೆಟ್ಟ ಇದೆಯಲ್ಲ. ಅದನ್ನು ಹತ್ತೋದೇ ಬೇಡ, ರೋಡಿನಿಂದಲೇ ಕಾಣಿಸುತ್ತದೆ. ಅವ್ವನ ಮೊಣಕಾಲಿಗೂ ಆರಾಮ.

ತೊಗರಿ ಹೊಲ

ಚಂದ್ರಂಪಳ್ಳಿಗೆ ಎರಡು ಸಲ ಹೋಗಿದ್ದೇವೆ ಅಣ್ಣಾ, ಚೆನ್ನಾಗಿದೆ. ಆದರೆ ಮಗನಿಗೆ 'ಎಲ್ಲಕ್ಕಿಂತ ಎತ್ತರ' ಬೇಕು. ಬುದ್ಧ ಮಲಗಿದ್ದಾನೆ ಅಂದರೆ 'ಎದ್ದು ನಿಂತರೆ ಎಷ್ಟು ಎತ್ತರ' ಅಂತ ಕೇಳುತ್ತಾನೆ.

ಬ್ರಹ್ಮಪುರ ಬುಲೆಟ್ (ಕಲಬುರಗಿ)

ಬ್ರೋ ನಾನು ಬೈಕ್‌ನಲ್ಲಿ ಹೋಗಿದ್ದೆ. ಜೇವರ್ಗಿ, ಶಹಾಪುರ, ಸುರಪುರ, ಲಿಂಗಸುಗೂರು, ಸಿಂಧನೂರು, ಗಂಗಾವತಿ, ಹೊಸಪೇಟೆ. ಅಲ್ಲಿಂದ ಚಿತ್ರದುರ್ಗದವರೆಗೆ ಹೈವೇ, ಕಣ್ಣು ಮುಚ್ಚಿ ಓಡಿಸಬಹುದು (ಮುಚ್ಚಬೇಡಿ). ಚಿತ್ರದುರ್ಗ ದಾಟಿ ಹೊಸದುರ್ಗದ ಕಡೆಯಿಂದ ಕಡೂರು, ಆಮೇಲೆ ಚಿಕ್ಕಮಗಳೂರು. ಒಟ್ಟು 550 ಕಿ.ಮೀ. ಮೇಲೆ. ಒಂದೇ ದಿನದಲ್ಲಿ ಮಾಡಿದೆ, ಸೊಂಟ ಮೂರು ದಿನ ನನ್ನದಲ್ಲ ಅನ್ನಿಸಿತ್ತು. ಫ್ಯಾಮಿಲಿ ಇದ್ದರೆ ಹೊಸಪೇಟೆಯಲ್ಲಿ ಒಂದು ರಾತ್ರಿ ಉಳಿಯಿರಿ, ಹಂಪಿನೂ ಆಗುತ್ತದೆ.

ಗಿರಿಯ ವಿಷಯಕ್ಕೆ ಬಂದರೆ ಸರ್ಪದಾರಿ ಹಿಡಿದು ನಡೆದೇ ಹತ್ತಿ, ಅದೇ ಮಜಾ. ರೋಡಿನಲ್ಲಿ ಹೋಗಿ ಮೆಟ್ಟಿಲು ಹತ್ತಿ ಸೆಲ್ಫಿ ತೆಗೆದುಕೊಂಡು ಬರೋದು ಟ್ರೆಕ್ಕಿಂಗ್ ಅಲ್ಲ.

ಯಾದಗಿರಿ ಅಕ್ಕ

ತಮ್ಮಾ ಬುಲೆಟ್, ಅವರು 66 ವರ್ಷದ ತಾಯಿ, ಆರು ವರ್ಷದ ಮಗು ಅಂತ ಬರೆದಿದ್ದಾರೆ. ಓದಿ ಉತ್ತರ ಕೊಡು.

ನೋಡ್ರಿ ಅಣ್ಣಾ, ಕಾರು ಬಿಡಿ. ಬಹಳ ಮಂದಿಗೆ ಗೊತ್ತೇ ಇಲ್ಲ, ಸೊಲ್ಲಾಪುರದಿಂದ ಹಾಸನಕ್ಕೆ ಒಂದು ಎಕ್ಸ್‌ಪ್ರೆಸ್ ಇದೆ. ಕಲಬುರಗಿ, ವಾಡಿ, ಯಾದಗಿರಿ, ರಾಯಚೂರು ಎಲ್ಲ ಕಡೆ ನಿಲ್ಲುತ್ತದೆ. ರಾತ್ರಿ ಊಟ ಮಾಡಿ ಹತ್ತಿದರೆ ಯಶವಂತಪುರ, ಶ್ರವಣಬೆಳಗೊಳ ಮೇಲೆ ಮರುದಿನ ಮಧ್ಯಾಹ್ನದೊಳಗೆ ಹಾಸನ. ಬೆಂಗಳೂರಿನಲ್ಲಿ ಇಳಿದು ಆಟೋದವರ ಜೊತೆ ಜಗಳ ಮಾಡೋ ಕೆಲಸವೇ ಇಲ್ಲ. ಹಾಸನದಿಂದ ಬೇಲೂರು 40 ಕಿ.ಮೀ., ಬೇಲೂರಿನಿಂದ ಚಿಕ್ಕಮಗಳೂರು 25. ಬಸ್ಸು ಸಿಗುತ್ತಲೇ ಇರುತ್ತದೆ. ಸರ್ಕಾರಿ ಬಸ್ಸಾದರೆ ಅವ್ವನಿಗೂ ನಿಮ್ಮ ಮನೆಯವರಿಗೂ ಟಿಕೆಟ್ ಇಲ್ಲ, ಆಧಾರ್ ಕಾರ್ಡ್ ಮರೆಯಬೇಡಿ. ದಸರಾ ಟೈಮಲ್ಲಿ ರೈಲಿನ ಬರ್ತ್ ಸಿಗೋದು ಕಷ್ಟ, ಬುಕಿಂಗ್ ತೆರೆದ ದಿನವೇ ಮಾಡಿ. ಅವ್ವನಿಗೆ ಕೆಳಗಿನ ಬರ್ತ್.

ನಾನು ನಮ್ಮ ಅತ್ತೆಯನ್ನು ಕರೆದುಕೊಂಡು ಹಾಗೇ ಹೋಗಿದ್ದೆ. ಅವರಿಗೂ ಮೊಣಕಾಲು. ಗಿರಿಯ ಮೇಲೆ ಮೆಟ್ಟಿಲು ನೂರಾರು ಇವೆ, ಎಲ್ಲ ಒಂದೇ ಎತ್ತರದವಲ್ಲ, ಮಳೆ ಬಂದರೆ ಜಾರುತ್ತವೆ. ಅತ್ತೆ ಅರ್ಧಕ್ಕೆ ಕೂತರು. 'ನೀವು ಹೋಗಿ ಬರ್ರಿ, ನಾನು ಇಲ್ಲಿಂದಲೇ ಕೈ ಮುಗೀತೀನಿ' ಅಂದರು. ಆಮೇಲೆ ನನಗೇ ಅನ್ನಿಸಿತು, ಅವರನ್ನು ಕೆಳಗೆ ಸೀತಾಳಯ್ಯನಗಿರಿ ಗುಡಿಯಲ್ಲೇ ಕೂರಿಸಿ ಹೋಗಬೇಕಿತ್ತು ಅಂತ. ಅಲ್ಲಿ ಗುಡಿ ರೋಡಿನ ಪಕ್ಕದಲ್ಲೇ ಇದೆ, ಕೂರಲು ಜಾಗ ಇದೆ, ಮಂದಿ ಓಡಾಡುತ್ತಿರುತ್ತಾರೆ. ಅರ್ಧ ಮೆಟ್ಟಿಲ ಮೇಲೆ ಗಾಳಿಯಲ್ಲಿ ಒಬ್ಬರನ್ನೇ ಕೂರಿಸಿದ್ದು ತಪ್ಪಾಯಿತು.

ಹುಮನಾಬಾದ್ ಮೇಷ್ಟ್ರು

ಹುಡುಗನಿಗೆ ಒಂದು ಲೆಕ್ಕ ಕೊಡುತ್ತೇನೆ, ಹೋಗುವ ಮೊದಲು ಮಾಡಿಸಿ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ. ಮುಳ್ಳಯ್ಯನಗಿರಿ 1,930 ಮೀಟರ್ (ಕೆಲವು ಕಡೆ 1,925 ಅಂತಲೂ ಬರೆಯುತ್ತಾರೆ, ಜಗಳ ಬೇಡ). ಸಾವಿರ ಮೀಟರ್ ಮೇಲೆ ಹೋದರೆ ಹೆಚ್ಚುಕಡಿಮೆ ಆರೂವರೆ ಡಿಗ್ರಿ ಸೆಖೆ ಇಳಿಯುತ್ತದೆ. ಹಾಗಾದರೆ ಬರೀ ಎತ್ತರದಿಂದಲೇ ಎಷ್ಟು ಕಡಿಮೆ? ಒಂಬತ್ತೂವರೆ ಡಿಗ್ರಿ. ಅದರ ಮೇಲೆ ಗಾಳಿ, ಮಂಜು. ಅರಬ್ಬಿ ಸಮುದ್ರದಿಂದ ಬರುವ ತೇವದ ಗಾಳಿ ಈ ಬೆಟ್ಟಗಳಿಗೆ ಬಡಿದು ಮೇಲೇರುತ್ತದೆ, ಮೇಲೆ ಹೋದಂತೆ ತಣ್ಣಗಾಗಿ ಮೋಡವಾಗುತ್ತದೆ. ಅಂದರೆ ನೀವು ಮಂಜು ಅನ್ನುವುದು ಮೋಡವೇ, ನೀವು ಅದರ ಒಳಗೆ ನಿಂತಿರುತ್ತೀರಿ. ಹಾಗಾಗಿ ಸ್ವೆಟರ್ ಬೇಕು, ಅವ್ವನಿಗೆ ಕಿವಿ ಮುಚ್ಚುವ ಮಫ್ಲರ್ ಬೇಕು.

ಇನ್ನೊಂದು ತಮಾಷೆ. ಅಷ್ಟು ಎತ್ತರದಲ್ಲಿ ನೀರು ನೂರು ಡಿಗ್ರಿಯವರೆಗೂ ಕಾಯುವುದಿಲ್ಲ, 93-94ಕ್ಕೇ ಕುದಿಯುತ್ತದೆ. ಅಲ್ಲಿ ಬೇಳೆ ಬೇಯಿಸಿದರೆ ನಮ್ಮ ತೊಗರಿಯೂ ಸತಾಯಿಸುತ್ತದೆ.

ರಾಜ್ಯದ ಅತಿ ಎತ್ತರದ ಮೂರು ಹೆಸರು ಕೇಳಿದರೆ ಮಕ್ಕಳು ಎಲ್ಲೆಲ್ಲೋ ಹುಡುಕುತ್ತಾರೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ (1,895), ಕುದುರೆಮುಖ. ಮೂರೂ ಚಿಕ್ಕಮಗಳೂರು ಕಡೆಯವೇ.

ಬ್ರಹ್ಮಪುರ ಬುಲೆಟ್

ಸಾರಿ ಅಕ್ಕಾ, ಅರ್ಧ ಓದಿ ಬರೆದೆ. ಮೇಷ್ಟ್ರೇ, ಪರೀಕ್ಷೆಗೆ ಈ ಪ್ರಶ್ನೆ ಬರುತ್ತಾ?

ಕಾಫಿ ನಾಡಿನಲ್ಲಿ ಕಲಬುರಗಿಯವ

ನಾನು ಅಫಜಲಪುರದವನು, ಕೆಲಸದ ಮೇಲೆ ಚಿಕ್ಕಮಗಳೂರಿಗೆ ಬಂದು ಆರು ವರ್ಷವಾಯಿತು. ವಾರಕ್ಕೊಮ್ಮೆ ಊರ ಕಡೆಯವರು ಯಾರಾದರೂ ಫೋನ್ ಮಾಡಿ 'ಗಿರಿ ಓಪನ್ ಇದೆಯಾ' ಅಂತ ಕೇಳುತ್ತಾರೆ, ಅದಕ್ಕೆ ಒಂದೇ ಸಲ ಎಲ್ಲ ಬರೆದುಬಿಡುತ್ತೇನೆ.

ಮೊದಲನೇದು ಬುಕಿಂಗ್. ಮುಂಚಿನ ಹಾಗೆ ಸೀದಾ ಗಾಡಿ ಹತ್ತಿಸೋಕೆ ಆಗಲ್ಲ. ಜಿಲ್ಲಾಡಳಿತದ ಆನ್‌ಲೈನ್ ಬುಕಿಂಗ್ ಮಾಡಿಸಿಕೊಂಡೇ ಹೋಗಬೇಕು, ಬೆಳಿಗ್ಗೆ ಒಂದು ಸರದಿ, ಮಧ್ಯಾಹ್ನದ ಮೇಲೆ ಒಂದು ಸರದಿ, ಗಾಡಿಗಳ ಸಂಖ್ಯೆಗೆ ಮಿತಿ ಇದೆ. ಕೈಮರ ಚೆಕ್‌ಪೋಸ್ಟ್‌ನಲ್ಲಿ ನೋಡಿಯೇ ಬಿಡುತ್ತಾರೆ. ಬೆಳಗಿನ ಸರದಿ ತೆಗೆದುಕೊಳ್ಳಿ. ಮಧ್ಯಾಹ್ನ ಟ್ರಾಫಿಕ್ ಜಾಮ್ ಆದರೆ ಗಿರಿಯ ರೋಡಿನಲ್ಲಿ ಹಿಂದೆ ಮುಂದೆ ಹೋಗಲು ಜಾಗವಿಲ್ಲ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ.

ಶನಿವಾರ ಭಾನುವಾರ ದಯವಿಟ್ಟು ಬರಬೇಡಿ. ಬೆಂಗಳೂರು ಪೂರ್ತಿ ಇಲ್ಲೇ ಇರುತ್ತದೆ. ಮಂಗಳವಾರ, ಬುಧವಾರ ಬನ್ನಿ.

ಗಾಡಿ ವಿಷಯ. ನಮ್ಮ ಕಡೆಯವರು ನೇರ ರೋಡಿಗೆ ಒಗ್ಗಿದವರು. ಇಲ್ಲಿ ಬಂದು ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯುತ್ತಾರೆ. ಬ್ರೇಕ್ ಕಾದು ಸುಟ್ಟ ವಾಸನೆ ಬರುತ್ತದೆ, ಆಮೇಲೆ ಹಿಡಿಯೋದೇ ಇಲ್ಲ. ಯಾವ ಗೇರಿನಲ್ಲಿ ಹತ್ತಿದ್ದೀರೋ ಅದೇ ಗೇರಿನಲ್ಲಿ ಇಳಿಯಬೇಕು, ಗಾಡಿಯನ್ನು ಇಂಜಿನ್ನೇ ತಡೆಯುತ್ತದೆ. ಎದುರು ಹತ್ತಿ ಬರುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು. ಇದು ಅಭ್ಯಾಸ ಇಲ್ಲ ಅಂದರೆ ಊರಿನಿಂದಲೇ ಜೀಪ್ ಮಾಡಿಕೊಳ್ಳಿ, ರೇಟು ಮತ್ತು ಯಾವ ಯಾವ ಜಾಗ ಅಂತ ಹತ್ತುವ ಮೊದಲೇ ಮಾತಾಡಿಕೊಳ್ಳಿ. ಮಗಳಿಗೆ ವಾಂತಿ ಅಂದಿರಲ್ಲ, ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಬೇಡಿ, ಕಿಟಕಿ ಪಕ್ಕ ಕೂರಿಸಿ, ಹೊಟ್ಟೆ ತುಂಬ ತಿನ್ನಿಸಬೇಡಿ, ಫೋನ್ ಕೊಡಬೇಡಿ.

ಒಂದು ದಿನಕ್ಕೆ ಸೀತಾಳಯ್ಯನಗಿರಿ, ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಸಾಕು. ಜೀಪಿನವರು ಝರಿ ಫಾಲ್ಸ್, ಮಾಣಿಕ್ಯಧಾರಾ, ಗಾಳಿಕೆರೆ, ಹೊನ್ನಮ್ಮನಹಳ್ಳ ಅಂತ ಪಟ್ಟಿ ಓದುತ್ತಾರೆ. ಎಲ್ಲ ಓಡಿದರೆ ಯಾವುದೂ ನೆನಪಿರೋದಿಲ್ಲ. ಹೊನ್ನಮ್ಮನಹಳ್ಳ ದಾರಿಯ ಪಕ್ಕದಲ್ಲೇ ಸಿಗುತ್ತದೆ, ಅಷ್ಟು ಮಾಡಿ. ಕೆಮ್ಮಣ್ಣುಗುಂಡಿ ಬೇರೆ ದಿನ, ಅದು ಇಲ್ಲಿಂದ 50 ಕಿ.ಮೀ. ಮೇಲೆ. ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆ ಬರುತ್ತಿದ್ದ ಜಾಗ, ತೋಟ ಚೆನ್ನಾಗಿದೆ, ಅವ್ವ ಆರಾಮಾಗಿ ಅಡ್ಡಾಡಬಹುದು. ಹೆಬ್ಬೆ ಫಾಲ್ಸ್ ಬೇಡ. ಜೀಪ್ ಕುಲುಕಾಟ, ಆಮೇಲೆ ನಡಿಗೆ, ಜಿಗಣೆ.

ಜಳಕದ ಸೋಪು (ಆಳಂದ)

ಜಿಗಣೆ ಅಂದರೆ ಎಷ್ಟು ದೊಡ್ಡದು ಸರ್?

ಕಾಫಿ ನಾಡಿನಲ್ಲಿ ಕಲಬುರಗಿಯವ

ಹತ್ತುವಾಗ ದಾರದ ಎಳೆಯಷ್ಟು. ಇಳಿಯುವಾಗ ಬೆರಳಿನಷ್ಟು.

ಬಸವಕಲ್ಯಾಣದವ

ಬೇಲೂರು ದಾರಿಯಲ್ಲೇ ಬರುತ್ತದೆ ಅಂತ ಅಕ್ಕ ಹೇಳಿದ್ದಾರೆ. ಸುಮ್ನೆ ಬಸ್ ಬದಲಾಯಿಸಿ ಹೋಗಬೇಡಿ, ಅರ್ಧ ದಿನ ಇಡಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ಸೇರಿಸಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ತೆಗೆದುಕೊಂಡಿತು. ಆದರೆ ನಾನು ಹೇಳೋದು ಅದಕ್ಕಲ್ಲ. ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವ ಗುಡಿ ಕಟ್ಟಿಸುವಾಗ ಹೊಯ್ಸಳರು ಇನ್ನೂ ಸಾಮಂತರು. ಯಾರಿಗೆ? ಕಲ್ಯಾಣದಲ್ಲಿ, ಅಂದರೆ ಈಗಿನ ಬಸವಕಲ್ಯಾಣದಲ್ಲಿ ಕೂತಿದ್ದ ಚಾಲುಕ್ಯರ ಆರನೇ ವಿಕ್ರಮಾದಿತ್ಯನಿಗೆ. ಅವನು 1076ರಿಂದ 1126ರವರೆಗೆ ಆಳಿದವನು. ಅಂದರೆ ನಮ್ಮ ಊರು ರಾಜಧಾನಿ, ಬೇಲೂರು ಕೈಕೆಳಗಿನ ಊರು! ಈಗ ನೋಡಿದರೆ ಅವರ ಕಡೆ ಬಸ್ಸಿಗೆ ಬಸ್ಸು ಪ್ರವಾಸಿಗರು, ನಮ್ಮ ಕೋಟೆಯಲ್ಲಿ ಮೇಕೆ. ಹೊಟ್ಟೆಕಿಚ್ಚು ಅಂತಲೇ ತಿಳಿಯಿರಿ.

ಇನ್ನೊಂದು ಮಾತು, ಹಳೇಬೀಡಿನ ಕಡೆ ಹೋದರೆ ಬೆಳವಾಡಿ ಬಿಡಬೇಡಿ. ಅಲ್ಲಿನ ವೀರನಾರಾಯಣ ಗುಡಿಯಲ್ಲಿ ಮಂದಿ ಕಡಿಮೆ, ಕಂಬಗಳು ಎಷ್ಟು ನುಣುಪು ಅಂದರೆ ಮುಖ ಕಾಣಿಸುತ್ತದೆ. ಸಣ್ಣವರಿಗೆ ಮುಖ ನೋಡಿಕೊಳ್ಳೋ ಆಟ ಸಿಗುತ್ತದೆ.

ತೊಗರಿ ಹೊಲ

ಎಲ್ಲರಿಗೂ ಬಹಳ ಧನ್ಯವಾದ. ರೈಲೇ ಫಿಕ್ಸ್. ಒಂದೇ ಅನುಮಾನ, ಅವ್ವ ದತ್ತನ ಭಕ್ತೆ. ಬಾಬಾಬುಡನ್‌ಗಿರಿಯಲ್ಲಿ ದತ್ತಪೀಠ ಇದೆ ಅಂತ ಕೇಳಿ ಈಗ ಆಕೆಗೇ ನಮಗಿಂತ ಹೆಚ್ಚು ಅವಸರ. ಡಿಸೆಂಬರ್‌ನಲ್ಲಿ ದತ್ತ ಜಯಂತಿಗೇ ಹೋಗೋಣ ಅನ್ನುತ್ತಿದ್ದಾಳೆ. ಹೇಗೆ?

ಕಾಫಿ ನಾಡಿನಲ್ಲಿ ಕಲಬುರಗಿಯವ

ಬೇಡ ಅಣ್ಣಾ. ದತ್ತ ಜಯಂತಿ ಟೈಮಲ್ಲಿ ಪೊಲೀಸ್ ಬಂದೋಬಸ್ತ್ ಜೋರು, ಪ್ರವಾಸಿಗರನ್ನು ಗಿರಿಗೆ ಬಿಡೋದೂ ನಿಲ್ಲಿಸುತ್ತಾರೆ. ದಸರಾ ಆದಮೇಲೆ ವಾರದ ಮಧ್ಯೆ ಬಂದರೆ ಸಮಾಧಾನದಿಂದ ದರ್ಶನ. ಅಲ್ಲಿ ದತ್ತ ಅಂತ ಬರುವವರೂ ಇದ್ದಾರೆ, ಬಾಬಾ ಬುಡನ್ ದರ್ಗಾ ಅಂತ ಬರುವವರೂ ಇದ್ದಾರೆ. ಅದರ ಜಗಳ ಕೋರ್ಟಿನವರೆಗೂ ಹೋಗಿದೆ. ಇಲ್ಲಿ ಅದನ್ನು ಎಳೆಯಬೇಡಿ ಪ್ಲೀಸ್. ಶರಣಬಸಪ್ಪನ ಗುಡಿಗೂ ಹೋಗಿ ಬಂದೇನವಾಜರ ಉರುಸಿಗೂ ಹೋಗುವ ಊರಿನವರಿಗೆ ನಾನು ಹೇಳಬೇಕಾ.

ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ಮುಚ್ಚಿಟ್ಟುಕೊಂಡು ತಂದು ಈ ಗುಡ್ಡದಲ್ಲಿ ಹಾಕಿದರು ಅನ್ನುವ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ, 17ನೇ ಶತಮಾನದ ಮಾತು. ಊರಿನಲ್ಲಿ ಕಾಫಿ ಮ್ಯೂಸಿಯಂ ಇದೆ, ಮಗನಿಗೆ ತೋರಿಸಿ.

ಸೇಡಂ ರಾಶಿ

ರೈತರಿಗೆ ಒಂದು ಮಾತು. ದಸರಾಕ್ಕೆ ಹೊಲ ಬಿಟ್ಟು ಹೋಗಲು ಆಗದವರು ತೊಗರಿ ರಾಶಿ ಮುಗಿಸಿ ಹೋಗಬಹುದು ಅಂತ ನಾವು ಫೆಬ್ರವರಿ ಕೊನೆಗೆ ಹೋದೆವು. ಆಕಾಶ ತಿಳಿಯಾಗಿತ್ತು, ಬಹಳ ದೂರದವರೆಗೆ ಕಾಣುತ್ತಿತ್ತು. ಆದರೆ ಹುಲ್ಲೆಲ್ಲ ಒಣಗಿ ಕೆಂಪಾಗಿತ್ತು, ಒಂದು ಕಡೆ ಗುಡ್ಡಕ್ಕೆ ಬೆಂಕಿ ಬಿದ್ದು ಕರ್ರಗಾಗಿತ್ತು. ಹಸಿರು ನೋಡಬೇಕು ಅನ್ನುವವರಿಗೆ ಅದು ಹೊತ್ತಲ್ಲ. ಹಸಿರು ಅಂದರೆ ದಸರಾ, ದೂರದ ನೋಟ ಅಂದರೆ ಚಳಿಗಾಲ. ಎರಡೂ ಒಂದೇ ದಿನ ಸಿಕ್ಕರೆ ಪುಣ್ಯ. ಇನ್ನೂ ಸ್ವಲ್ಪ ತಡೆದು ಮಾರ್ಚ್-ಏಪ್ರಿಲ್‌ನಲ್ಲಿ ಒಂದು ಮಳೆ ಬಿದ್ದ ಮೇಲೆ ಹೋದರೆ ಕಾಫಿ ಹೂ ಬಿಟ್ಟಿರುತ್ತದೆಯಂತೆ, ಮಲ್ಲಿಗೆಯ ವಾಸನೆಯಂತೆ. ನಮಗೆ ಆ ಯೋಗ ಇರಲಿಲ್ಲ.

ತೊಗರಿ ಹೊಲ

ಹೋಗಿ ಬಂದೆವು! ಬರೆಯುತ್ತೇನೆ ಅಂದಿದ್ದೆ, ಎರಡು ವಾರ ತಡ. ಸ್ವಲ್ಪ ಉದ್ದವಾಗುತ್ತದೆ, ಓದೋರು ಓದಿ.

ರೈಲು ಆರಾಮ. ಅವ್ವ ಎರಡು ಡಬ್ಬಿ ತುಂಬ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ತಂದಿದ್ದಳು. ಇಷ್ಟು ಯಾಕೆ ಅಂತ ನಾನು ಬೈದಿದ್ದೆ. ಹಾಸನದವರೆಗೆ ನಮ್ಮ ಬೋಗಿಯ ಅರ್ಧ ಮಂದಿ ಅದನ್ನೇ ತಿಂದರು.

ಬೇಲೂರಿನಲ್ಲಿ ಮೂರು ತಾಸು. ಬಸವಕಲ್ಯಾಣದ ಸರ್, ನಿಮ್ಮ ಸಾಮಂತರ ಕಥೆ ಮಗನಿಗೆ ಹೇಳಿದ್ದೇ ತಪ್ಪಾಯಿತು. ಅಲ್ಲಿನ ಗೈಡ್‌ಗೆ 'ಇದು ನಮ್ಮ ಕೈಕೆಳಗಿನ ಊರು' ಅಂತ ಹೇಳಿಬಿಟ್ಟ. ಗೈಡ್ ನಕ್ಕು ಹತ್ತು ನಿಮಿಷ ಜಾಸ್ತಿ ಹೇಳಿಕೊಟ್ಟರು.

ಉಳಿದುಕೊಂಡ ಜಾಗದ್ದು ಮಾತ್ರ ಬೇಜಾರು. ಆನ್‌ಲೈನ್ ಫೋಟೋದಲ್ಲಿ ಕಾಫಿ ತೋಟದ ಮಧ್ಯೆ ಮನೆ, ಹೋಗಿ ನೋಡಿದರೆ ತೋಟ ರೋಡಿನ ಆ ಕಡೆ, ಮನೆ ಈ ಕಡೆ, ಕಿಟಕಿ ತೆರೆದರೆ ಪಕ್ಕದ ಮನೆಯ ನೀರಿನ ಟ್ಯಾಂಕು. ಬಿಸಿನೀರು ಬೆಳಿಗ್ಗೆ ಒಂದು ತಾಸು ಮಾತ್ರ ಅಂತ ದುಡ್ಡು ಕೊಟ್ಟ ಮೇಲೆ ಹೇಳಿದರು. ಹೆಸರು ಬರೆಯೋಲ್ಲ. ನೀವು ಮಾಡುವಾಗ ವೀಡಿಯೋ ಕಾಲ್ ಮಾಡಿಸಿ ನೋಡಿ, ಅಷ್ಟೇ.

ಗಿರಿಗೆ ಬುಧವಾರ ಬೆಳಗಿನ ಸರದಿ, ಜೀಪು. ಕೈಮರ ದಾಟಿದ ಮೇಲೆ ಮಗಳು ಎರಡು ತಿರುವಿಗೇ ಸುಮ್ಮನಾದಳು, ಮೂರನೆಯದಕ್ಕೆ ಜೀಪ್ ನಿಲ್ಲಿಸಿದೆವು. ಆಮೇಲೆ ಸರಿಹೋಯಿತು. ಯಾದಗಿರಿ ಅಕ್ಕ ಹೇಳಿದ ಹಾಗೆ ಅವ್ವನನ್ನು ಸೀತಾಳಯ್ಯನಗಿರಿ ಗುಡಿಯಲ್ಲಿ ಕೂರಿಸಿದೆವು, ಜೊತೆಗೆ ನನ್ನ ಹೆಂಡತಿ, ಮಗಳು. ನಾನೂ ಮಗನೂ ಮೇಲೆ ಹೋದೆವು. ಮೆಟ್ಟಿಲು ಹತ್ತುತ್ತ ಅವನು ನನಗಿಂತ ಮುಂದೆ, ನಾನು ಪ್ರತಿ ಇಪ್ಪತ್ತಕ್ಕೆ ಒಮ್ಮೆ 'ನೋಟ ನೋಡೋಕೆ' ನಿಲ್ಲುತ್ತಿದ್ದೆ. ನೋಟ ಏನೂ ಇರಲಿಲ್ಲ. ಬರೀ ಬಿಳಿ. ಮೇಲೆ ಮುಳ್ಳಪ್ಪ ಸ್ವಾಮಿ ಗುಡಿ, ಅದರ ಗೋಡೆ ಮುಟ್ಟಿದರೆ ತೇವ, ಹತ್ತು ಹೆಜ್ಜೆ ಆಚೆ ನಿಂತವರು ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು. ಗಾಳಿ ಅಂದರೆ ಅದು ಗಾಳಿ. ಮಗ 'ಪಪ್ಪಾ, ಎತ್ತರ ಎಲ್ಲಿದೆ' ಅಂದ. ಅರ್ಧ ತಾಸು ಕಾದೆವು, ಮೋಡ ಸರಿಯಲೇ ಇಲ್ಲ. 550 ಕಿ.ಮೀ. ಬಂದು ಬಿಳಿ ಗೋಡೆ ನೋಡಿದ ಹಾಗಾಯಿತು. ಮೇಷ್ಟ್ರೇ, ನಿಮ್ಮ 'ಮೋಡದ ಒಳಗೆ ನಿಂತಿರುತ್ತೀರಿ' ಅನ್ನುವ ಮಾತು ಹೇಳಿ ಅವನನ್ನು ಸಮಾಧಾನ ಮಾಡಿದೆ. ಬಾಯಿ ತೆಗೆದು ಮೋಡ ತಿಂದ.

ಕೆಳಗೆ ಬಂದರೆ ಅವ್ವ ವಿಜಯಪುರ ಕಡೆಯ ನಾಲ್ಕು ಹೆಣ್ಣುಮಕ್ಕಳ ಜೊತೆ ಕೂತು ಕೇಕೆ ಹಾಕಿ ನಗುತ್ತಿದ್ದಾಳೆ. ನಾವು ಮೋಡದ ಒಳಗಿದ್ದೆವು, ಆಕೆ ಮೋಡದ ಕೆಳಗಿದ್ದಳು. ಕಣಿವೆ, ರೋಡು, ಕೆರೆ, ಗುಡ್ಡದ ಮೇಲೆ ಮೋಡದ ನೆರಳು ಓಡೋದು, ಎಲ್ಲ ನೋಡಿದ್ದಾಳೆ. 'ನೀವು ಅಷ್ಟು ಮೇಲೆ ಹೋಗಿ ಏನು ನೋಡಿ ಬಂದ್ರಿ?' ಅಂತ ಕೇಳಿದಳು. ಮಗ ಮಾತೇ ಆಡಲಿಲ್ಲ.

ದತ್ತಪೀಠದಲ್ಲಿ ಗುಹೆಯಿಂದ ಹೊರಗೆ ಬಂದು ಅವ್ವ ಸ್ವಲ್ಪ ಹೊತ್ತು ಕಲ್ಲಿನ ಮೇಲೆ ಕೂತಳು. ಅಪ್ಪನ ಹೆಸರು ತೆಗೆದಳು. ಅಷ್ಟೇ, ಹೆಚ್ಚಿಗೆ ಬರೆಯೋದಿಲ್ಲ.

ಒಂದು ಮಾತು ಯಾರೂ ಹೇಳಿರಲಿಲ್ಲ. ಚಿಕ್ಕಮಗಳೂರಿನ ಹವೆಗೆ ಕಡಕ್ ರೊಟ್ಟಿ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ! ತಿಂಗಳುಗಟ್ಟಲೆ ಇಟ್ಟರೂ ಮುರಿಯುವ ರೊಟ್ಟಿ ಮಡಚಿದರೆ ಮಡಚುತ್ತದೆ. ಅವ್ವನಿಗೆ ಇಡೀ ಪ್ರವಾಸದಲ್ಲಿ ಸಿಟ್ಟು ಬಂದದ್ದು ಅದೊಂದಕ್ಕೇ. ಡಬ್ಬಿಯ ಮೇಲೆ ಪ್ಲಾಸ್ಟಿಕ್ ಬಿಗಿಯಾಗಿ ಸುತ್ತಿ ಒಯ್ಯಿರಿ, ಆದರೆ ಗಿರಿ ಮೇಲೆ ಪ್ಲಾಸ್ಟಿಕ್ ಬಿಡಲ್ಲ, ಅದನ್ನು ರೂಮಿನಲ್ಲೇ ಇಡಿ.

ಯಾದಗಿರಿ ಅಕ್ಕ

ಓದಿ ಕಣ್ಣು ತುಂಬಿತು ಅಣ್ಣಾ, ಆಮೇಲೆ ರೊಟ್ಟಿ ಕಥೆಗೆ ನಕ್ಕೆ. ಮೆತ್ತಗಾದ ರೊಟ್ಟಿಗೆ ಒಗ್ಗರಣೆ ಹಾಕಿದರೆ ಮುಟಗಿಯ ಹಾಗೆ ತಿನ್ನಬಹುದಿತ್ತು. ಅವ್ವ ಕಾಫಿ ಕುಡಿದರಾ?

ತೊಗರಿ ಹೊಲ

ಒಂದು ಗುಟುಕು. 'ಚೆನ್ನಾಗಿದೆ, ಈಗ ಚಹಾ ತರಿಸು' ಅಂದಳು.

ಭಾಲ್ಕಿ ಟ್ರೆಕ್ಕರ್

ಹುಡುಗನಿಗೆ ಹೇಳ್ರಿ, ಒಂದು ರಾಜ್ಯದ್ದು ಆಯಿತು, ಇನ್ನು ಮಹಾರಾಷ್ಟ್ರದ್ದು ಮಾಡಲಿ. ಕಳಸೂಬಾಯಿ, 1,646 ಮೀಟರ್. ನಮ್ಮದಕ್ಕಿಂತ ಗಿಡ್ಡ, ಆದರೆ ಅಲ್ಲಿ ಜೀಪ್ ಇಲ್ಲ. ಬಾರಿ ಅನ್ನುವ ಹಳ್ಳಿಯಿಂದ ಪೂರ್ತಿ ನಡಿಗೆ. ಕಡಿದಾದ ಕಡೆ ಬಂಡೆಗೆ ಕಬ್ಬಿಣದ ಏಣಿ ಹಾಕಿದ್ದಾರೆ. ನಾನು ಚಳಿಗಾಲದಲ್ಲಿ ಹೋಗಿದ್ದೆ, ಮೇಲೆ ಮೋಡ ಇರಲಿಲ್ಲ.

ತೊಗರಿ ಹೊಲ

ಅವನಿಗೆ ಓದಿ ಹೇಳಿದೆ, ಆಗಲೇ ಕ್ಯಾಲೆಂಡರ್ ತೆಗೆದು ಕೂತಿದ್ದಾನೆ. ಒಳಗಿಂದ ಅವ್ವನೂ ಕೇಳಿಸಿಕೊಂಡಳು. ಮೇಲೆ ಗುಡಿ ಇದೆಯಾ ಅಂತ ಕೇಳುತ್ತಿದ್ದಾಳೆ.

ಭಾಲ್ಕಿ ಟ್ರೆಕ್ಕರ್

ಇದೆ. ದೇವಿಯ ಗುಡಿ.

ತೊಗರಿ ಹೊಲ

ಅಯ್ಯೋ ನೀವು ಇಲ್ಲ ಅನ್ನಬೇಕಿತ್ತು.